ತಪ್ಪಾಯ್ತು ಎಂದು ಬರೆದುಕೊಡದ ಅಂಜಿನಯ್ಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ರಾಮಮ್ಮ ಅತ್ತಿಗೆಯವರಿಗೆ, ಮಗಳು ಚೇತನಾಗೆ, ಅವರ ಬಂಧುಗಳಿಗೆ ನನ್ನ ನಮಸ್ಕಾರ. ಬೇರೆ ಬೇರೆ ಶಾಲೆಗಳಿಂದ ಬಂದಿರುವ ಸಹೋದ್ಯೋಗಿಗಳೇ, ನಿವೃತ್ತರಾದ ಹಿರಿಯರೇ, ಅಂಜಿನಯ್ಯ ಮೇಷ್ಟ್ರ ಹತ್ತಿರ ಪೆನ್ಸಿಲ್ ಹಿಡಿಯುವುದನ್ನು ಕಲಿತ ಹಳೆಯ ವಿದ್ಯಾರ್ಥಿಗಳೇ — ನಿಮಗೂ.

ಆ ಮೈಕನ್ನು ಸ್ವಲ್ಪ ಪಕ್ಕಕ್ಕಿಡಪ್ಪ, ಕೀ ಅನ್ನುತ್ತಿದೆ. ನನ್ನ ಹೆಸರು ದೊಡ್ಡಹನುಮಯ್ಯ. ಪಿ.ಟಿ. ಮೇಷ್ಟ್ರು. ಅಂಜಿನಯ್ಯನವರ ಜೊತೆ ಒಂದೇ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದವನು. ಮೈದಾನದ ಆ ತುದಿಯಲ್ಲಿರುವ ಹುಡುಗರನ್ನು ಈ ತುದಿಯಿಂದ ಕೂಗಿ ಕೂಗಿ ಬೆಳೆಸಿಕೊಂಡ ಗಂಟಲು ಇದು. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಇನ್ನೂ ಜೋರಾಗಿ ಹೇಳುತ್ತೇನೆ.

ಬಾಗಿಲಲ್ಲಿ ಬಾಳೆಕಂಬ ನೋಡಿ, ಮೇಲೆ ಮಾವಿನ ತೋರಣ ನೋಡಿ, ಇದೇನಪ್ಪ ಶ್ರದ್ಧಾಂಜಲಿ ಸಭೆಗೆ ತೋರಣ ಅಂತ ಕೆಲವರು ಗಾಬರಿಯಾದಿರಿ. ಬೆಳಿಗ್ಗೆ ಇಲ್ಲಿ ಮದುವೆ ಇತ್ತು. ಹೊಸಹಳ್ಳಿಯ ಈ ಛತ್ರದ ಬೈರಪ್ಪನವರು, ಮದುವೆಯವರು ಎಲೆ ಎತ್ತುತ್ತಿದ್ದ ಹಾಗೇ ನೆಲ ಗುಡಿಸಿಸಿ ನಮಗೆ ಬಿಟ್ಟುಕೊಟ್ಟರು. ಬಾಡಿಗೆ ಮಾತೆತ್ತಿದರೆ ಬೈದರು. ಅವರಿಗೆ ನಮ್ಮೆಲ್ಲರ ಪರವಾಗಿ ಕೃತಜ್ಞತೆ. ಆದರೆ ನಾವು ಮೊದಲು ಕೇಳಿದ್ದು ಈ ಛತ್ರವನ್ನಲ್ಲ — ನಮ್ಮ ಶಾಲೆಯ ಹಾಲನ್ನು. ಆ ಹಾಲಿನ ನಾಲ್ಕು ಗೋಡೆಗೂ ಚಿತ್ರ ಬರೆದವರು ಅಂಜಿನಯ್ಯನವರೇ. ಬೇಸಿಗೆ ರಜೆಯಲ್ಲಿ ಏಣಿ ಹಾಕಿಕೊಂಡು, ತಲೆಗೆ ಟವಲ್ಲು ಸುತ್ತಿಕೊಂಡು ಬರೆದರು. ಅವರ ಫೋಟೋ ಇಟ್ಟು ಎರಡು ಹೂವು ಹಾಕುವುದಕ್ಕೆ ಅದೇ ಹಾಲನ್ನು ಕೇಳಿದರೆ, ಮೇಲಿನ ಕಚೇರಿಯಿಂದ ಉತ್ತರ ಬಂತು: "ವಜಾ ಆದ ನೌಕರನ ಸಭೆಯನ್ನು ಸರ್ಕಾರಿ ಆವರಣದಲ್ಲಿ ನಡೆಸುವಂತಿಲ್ಲ."

ವಜಾ ಆದ ನೌಕರ. ಕೇಳಿಸಿಕೊಂಡಿರಾ? ಮನುಷ್ಯ ಸತ್ತಿದ್ದಾನೆ, ಆದರೂ ಅವರ ಬಾಯಲ್ಲಿ ಆ ಮಾತು ಸತ್ತಿಲ್ಲ.

ಇಂಥ ಸಭೆಯಲ್ಲಿ ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತನಾಡಿ, ಕಣ್ಣೊರೆಸಿಕೊಂಡು ಕೂತುಬಿಡುವುದು ಪದ್ಧತಿ. ಕ್ಷಮಿಸಿ, ನನ್ನ ಕೈಲಾಗುವುದಿಲ್ಲ. ಅಳುವುದೆಲ್ಲ ಅವತ್ತೇ ಅತ್ತಾಯಿತು. ಇವತ್ತು ನಾನು ಸಿಟ್ಟಿನಲ್ಲಿ ಬಂದಿದ್ದೇನೆ, ಸಿಟ್ಟಿನಲ್ಲೇ ಮಾತಾಡುತ್ತೇನೆ. ವಿಷಯ ಇಷ್ಟೇ — ಅಂಜಿನಯ್ಯನವರನ್ನು ಒಂದೇ ಒಂದು ಮಾತು ಕೇಳದೆ ಕೆಲಸದಿಂದ ತೆಗೆದುಹಾಕಿದರು. ಅವರು ಮೇಲ್ಮನವಿ ಹಾಕಿದರು. ಆ ಮನವಿ ಕೇಳುವುದಕ್ಕೆ ಕೊನೆಗೂ ದಿನ ಗೊತ್ತಾಯಿತು, ಬರುವ ಗುರುವಾರ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು. ಈಗ ಆ ಮನವಿಯನ್ನೂ ಅವರ ಜೊತೆಗೇ ಮಣ್ಣು ಮಾಡಿಬಿಡಬೇಕು ಅಂತ ಕೆಲವರಿಗೆ ಬಹಳ ಆತುರ. ಆ ಆತುರದ ಬಗ್ಗೆ ಮಾತಾಡುವುದಕ್ಕೆ ಬಂದಿದ್ದೇನೆ.

ಅಂಜಿನಯ್ಯನವರು ಯಾರು ಅಂತ ಚಿಕ್ಕವರಿಗೆ ಹೇಳಬೇಕು. ಅವರು ಚಿತ್ರಕಲೆ ಮೇಷ್ಟ್ರು. ಬಸವೇಶ್ವರನಗರದ ಮನೆಯಿಂದ ಸೈಕಲ್ಲಿನಲ್ಲೇ ಬರುತ್ತಿದ್ದರು. ಜೇಬಿನಲ್ಲಿ ಸದಾ ಒಂದು ದಪ್ಪ ಪೆನ್ಸಿಲ್ಲು, ಬೆರಳಿಗೆಲ್ಲ ಕರಿ. ಚಿತ್ರಕಲೆ ಅಂದರೆ ನಿಮಗೆ ಗೊತ್ತಲ್ಲ, ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿಯದಿದ್ದರೆ ಕಿತ್ತುಕೊಳ್ಳುವ ಪೀರಿಯಡ್ಡು! ಪಿ.ಟಿ. ಪೀರಿಯಡ್ಡೂ ಹಾಗೇ. ಹೀಗೆ ಪೀರಿಯಡ್ಡು ಕಳೆದುಕೊಂಡ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕೂತು ಕೂತೇ ಸ್ನೇಹಿತರಾದದ್ದು.

ಆದರೆ ಈ ಭಾಗದ ಸರ್ಕಾರಿ ಶಾಲೆಗಳ ನೌಕರರಿಗೆಲ್ಲ ಅವರ ಇನ್ನೊಂದು ಕೆಲಸ ಗೊತ್ತಿತ್ತು. ನಮ್ಮ ಮೇಲೆ ಏನಾದರೂ ಆರೋಪ ಬಂದರೆ ಇಲಾಖೆ ವಿಚಾರಣೆ ನಡೆಸಬೇಕು. ಆ ವಿಚಾರಣೆಯಲ್ಲಿ ನಮ್ಮ ಪಕ್ಕ ಇನ್ನೊಬ್ಬ ನೌಕರನನ್ನು ಸಹಾಯಕ್ಕೆ ಕೂರಿಸಿಕೊಳ್ಳುವ ಹಕ್ಕು ನಮಗಿದೆ. ಆ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಅಂಜಿನಯ್ಯನವರು. ರಾಜಾಜಿನಗರದಿಂದ ಕೆಂಗೇರಿವರೆಗೆ, ಮೇಷ್ಟ್ರಿರಲಿ, ಗುಮಾಸ್ತೆ ಇರಲಿ, ಬೆಲ್ ಹೊಡೆಯುವ ಜವಾನ ಇರಲಿ — ನೋಟಿಸ್ ಬಂತು ಅಂದರೆ ಮೊದಲು ಅವರ ಮನೆಗೆ ಓಡುವುದು. ಅತ್ತಿಗೆ ಎಷ್ಟು ಕಾಫಿ ಮಾಡಿದ್ದಾರೋ ಅವರೇ ಹೇಳಬೇಕು.

ಓಡಿ ಬಂದವರಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ — "ಕ್ಷಮಾಪಣೆ ಬರ್ಕೊಟ್ಬಿಟ್ರಾ?"

ಯಾಕೆ ಹಾಗೆ ಕೇಳುತ್ತಿದ್ದರು ಅಂತ ನನ್ನ ಕಥೆಯಲ್ಲೇ ಹೇಳುತ್ತೇನೆ. ಒಂದು ಸಲ ನಾನು ಕಬಡ್ಡಿ ಆಡಿಸುವಾಗ ಹುಡುಗನೊಬ್ಬ ಬಿದ್ದು ಮುಂಗೈ ಮುರಿದುಕೊಂಡ. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಮಾರನೇ ದಿನ ಅವರಪ್ಪ ದೂರು ಕೊಟ್ಟರು, ಆಟ ನಡೆಯುವಾಗ ಮೇಷ್ಟ್ರು ಮೈದಾನದಲ್ಲಿ ಇರಲೇ ಇಲ್ಲ ಅಂತ. ನೋಟಿಸ್ ಬಂತು. ಆಗಿನ ನಮ್ಮ ಹೆಡ್ ಮೇಷ್ಟ್ರು ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನನ್ನನ್ನು ಕರೆದು ಹೇಳಿದರು: "ಹನುಮಯ್ಯ, ವಾದ ಯಾಕೆ ಬೇಕು ಹೇಳಿ? ತಪ್ಪಾಯ್ತು ಕ್ಷಮಿಸಿ ಅಂತ ಒಂದು ಬರ್ಕೊಟ್ಬಿಡಿ. ಸಾಹೇಬ್ರ ಹತ್ರ ನಾನ್ ಮಾತಾಡ್ತೀನಿ. ಮುಗಿದೋಗುತ್ತೆ."

ಮುಗಿದುಹೋಗುತ್ತೆ! ನಾವು ಮೇಷ್ಟ್ರುಗಳು ಮಾಡುವ ತಪ್ಪು ಇದೇ, ಬೇರೆ ಯಾವ ಇಲಾಖೆಯವರೂ ಮಾಡುವುದಿಲ್ಲ. ಯಾಕೆ ಗೊತ್ತಾ? ನಾವು ಇಡೀ ಜನ್ಮ ಮಕ್ಕಳ ಕೈಲಿ ಅದನ್ನೇ ಬರೆಸಿದ್ದೇವೆ. ಕಿಟಕಿ ಗಾಜು ಒಡೆದೆಯಾ, ಬರಿ — ತಪ್ಪಾಯ್ತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಪಕ್ಕದವನಿಗೆ ಹೊಡೆದೆಯಾ, ಬರಿ. ಅವನು ಬರೆದುಕೊಡುತ್ತಾನೆ, ನಾವು ಕಿವಿ ಹಿಂಡಿ, ಹೋಗು ಕೂತ್ಕೋ ಅನ್ನುತ್ತೇವೆ. ಮಧ್ಯಾಹ್ನದ ಹೊತ್ತಿಗೆ ನಮಗೂ ಮರೆತಿರುತ್ತೆ, ಅವನಿಗೂ ಮರೆತಿರುತ್ತೆ. ಪ್ರಪಂಚವೆಲ್ಲ ಹೀಗೇ ನಡೆಯುತ್ತೆ ಅಂತ ನಮ್ಮ ನಂಬಿಕೆ. ಹಾಗಾಗಿ ನಮಗೆ ನೋಟಿಸ್ ಬಂದಾಗ ಕೈ ತಾನಾಗೇ ಬರೆಯುತ್ತೆ — ಮಾನ್ಯರೇ, ನನ್ನಿಂದ ತಪ್ಪಾಗಿದೆ.

ನಾನೂ ಬರೆಯುತ್ತಾ ಕೂತಿದ್ದೆ. ಅಂಜಿನಯ್ಯನವರು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಏನೋ ಬರೀತಿದೀಯ ಹನುಮ?"

"ಕ್ಷಮಾಪಣೆ ಮೇಷ್ಟ್ರೇ."

"ಕೊಡಿಲ್ಲಿ." ತಗೊಂಡರು. ಹರಿಯಲಿಲ್ಲ, ಬಯ್ಯಲಿಲ್ಲ. ಪೆನ್ಸಿಲ್ ತೆಗೆದು, ನನ್ನ ಬರಹದ ಮೇಲೇ ನನ್ನ ಚಿತ್ರ ಬಿಡಿಸಿಬಿಟ್ಟರು! ಬಾಯಲ್ಲಿ ವಿಷಲ್ಲು, ಮೀಸೆ, ಹೊಟ್ಟೆ — ಹೊಟ್ಟೆ ಸ್ವಲ್ಪ ಜಾಸ್ತೀನೇ ಬರೆದರು. "ತಗೋ, ಈಗ ಕೊಡು ಸಾಹೇಬ್ರಿಗೆ" ಅಂದರು. ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ನನಗೆ ಉರಿದುಹೋಯಿತು.

ಆಮೇಲೆ ಮೆತ್ತಗೆ ಕೇಳಿದರು. "ಮೈದಾನದಲ್ಲಿ ನೀನು ಇದ್ಯೋ ಇಲ್ವೋ?"

"ಇದ್ದೆ."

"ಮತ್ತೆ ಯಾವ ತಪ್ಪಿಗೋ ಕ್ಷಮಾಪಣೆ?"

"ಸಾಹೇಬ್ರು ಬೇಜಾರ್ ಮಾಡ್ಕೋಬಾರ್ದು ಅಂತ..."

"ಅವರ ಬೇಜಾರಿಗೆ ನಿನ್ನ ಕೆಲಸ ಕೊಡ್ತೀಯೇನೋ? ಕ್ಲಾಸಲ್ಲಿ ತಪ್ಪಾಯ್ತು ಅಂದ್ರೆ ಅಲ್ಲಿಗೆ ಮುಗೀತು. ಆಫೀಸಲ್ಲಿ ತಪ್ಪಾಯ್ತು ಅಂದ್ರೆ ಅಲ್ಲಿಂದ ಶುರು ಕಣೋ. ಆರೋಪ ಒಪ್ಕೊಂಡಿದಾನೆ ಅಂತ ಬರ್ಕೋತಾರೆ. ಆಮೇಲೆ ವಿಚಾರಣೆ ಯಾಕೆ, ಸಾಕ್ಷಿ ಯಾಕೆ? ಸೀದಾ ಆರ್ಡರ್ ಟೈಪ್ ಮಾಡ್ಸೋದೇ."

ನಾನು ಬರೆಯಲಿಲ್ಲ. ವಿಚಾರಣೆ ಆಯಿತು. ನನ್ನ ವಿರುದ್ಧ ಸಾಕ್ಷಿ ಹೇಳಲು ಶಾಲೆಯ ಮುಂದಿನ ಅಂಗಡಿಯವರು ಬಂದರು. ಅಂಗಡಿಯಲ್ಲಿ ಕೂತೇ ಮೈದಾನ ನೋಡಿದೆ, ಮೇಷ್ಟ್ರು ಇರಲಿಲ್ಲ ಅಂದರು. ಅಂಜಿನಯ್ಯನವರು ಜೋರು ಮಾಡಲಿಲ್ಲ. ಒಂದು ಹಾಳೆ ತೆಗೆದುಕೊಂಡು ಮಾತಾಡುತ್ತಲೇ ಬರೆದರು. ಇದು ನಿಮ್ಮ ಅಂಗಡಿ, ಸರೀನಾ? ಸರಿ. ಇದು ಗೇಟು. ಸರಿ. ಇದು ಕಬಡ್ಡಿ ಅಂಕಣ. ಸರಿ. "ನೀರಿನ ಟ್ಯಾಂಕ್ ಎಲ್ಲಿ ಬರುತ್ತಣ್ಣ, ನೀವೇ ತೋರ್ಸಿ." ಅಂಗಡಿಯವರು ಪಾಪ, ನೋಡಿ, ಬೆರಳಿಟ್ಟರು — ಅಂಗಡಿಗೂ ಅಂಕಣಕ್ಕೂ ಸರಿಯಾಗಿ ನಡುವೆ! ಇಟ್ಟ ಮೇಲೆ ಅವರಿಗೇ ಗೊತ್ತಾಯಿತು. "ಟ್ಯಾಂಕ್ ಒಳಗಿಂದ ನೋಡಿದ್ರಾ ಅಣ್ಣ?" ಅಂತ ಕೇಳಿದರು ಇವರು, ಬಹಳ ಮರ್ಯಾದೆಯಿಂದ. ವಿಚಾರಣಾಧಿಕಾರಿಗಳೇ ನಕ್ಕುಬಿಟ್ಟರು. ನನ್ನ ಕೆಲಸ ಉಳಿಯಿತು. ನಾನು ಇವತ್ತು ತಿನ್ನುತ್ತಿರುವ ಅನ್ನ ಆ ಪೆನ್ಸಿಲ್ಲಿನ ಋಣ.

ಅವರು ಬರೀ ಒಳ್ಳೆಯವರ ಪಕ್ಕ ಕೂರುತ್ತಿದ್ದರು ಅಂತ ತಿಳಿಯಬೇಡಿ. ಒಬ್ಬ ಮೇಷ್ಟ್ರಿದ್ದರು, ಹೆಸರು ಬೇಡ, ಮಗುವಿಗೆ ಬಾಸುಂಡೆ ಬರುವ ಹಾಗೆ ಹೊಡೆದಿದ್ದರು. ನಮಗೆಲ್ಲ ಅವರ ಮುಖ ಕಂಡರೆ ಆಗುತ್ತಿರಲಿಲ್ಲ. ಅಂಜಿನಯ್ಯನವರು ಹೋಗಿ ಅವರ ಪಕ್ಕ ಕೂತರು. ನಾನು ಜಗಳ ಆಡಿದೆ. "ನಿಮಗೆ ನಾಚಿಕೆ ಆಗಲ್ವಾ ಮೇಷ್ಟ್ರೇ?" ಅಂತಲೇ ಕೇಳಿದೆ. ಅವರು ಹೇಳಿದ್ದು: "ಹೊಡ್ದಿದ್ರೆ ಶಿಕ್ಷೆ ಆಗ್ಲಿ ಕಣೋ. ಆದ್ರೆ ಕೇಳಿ ಆಗ್ಲಿ." ವಿಚಾರಣೆಯಲ್ಲಿ ಆರೋಪ ಸಾಬೀತಾಯಿತು, ಆ ಮೇಷ್ಟ್ರು ಶಿಕ್ಷೆ ಅನುಭವಿಸಿದರು. ಅವತ್ತು ಸಂಜೆ ಅಂಜಿನಯ್ಯನವರ ಮುಖದಲ್ಲಿ ಸೋತ ಲಕ್ಷಣವೇ ಇರಲಿಲ್ಲ. ಮಗು ಬಂದು ಹೇಳಿತು, ಅವರೂ ಹೇಳಿದರು, ಕೇಳಿ ತೀರ್ಮಾನ ಮಾಡಿದರು, ಸರಿಯಾಗಿದೆ, ಅಂದರು. ನನಗೆ ಆಗ ಅದು ಅರ್ಥ ಆಗಿರಲಿಲ್ಲ.

ಅರ್ಥ ಆದದ್ದು ಬೋರಮ್ಮನ ವಿಷಯದಲ್ಲಿ. ಬೋರಮ್ಮ ಇಲ್ಲೇ ಇದ್ದಾರೆ. ಅಲ್ಲಿ, ಕಂಬದ ಪಕ್ಕ. ನೆಲದ ಮೇಲೆ ಯಾಕಮ್ಮ ಕೂತಿದ್ದೀರಿ? ಮುಂದೆ ಇಷ್ಟು ಕುರ್ಚಿ ಖಾಲಿ ಇದೆ. ಯಾರಾದರೂ ಅವರಿಗೆ ಒಂದು ಕುರ್ಚಿ ಹಾಕಿಕೊಡಿ. ಹಾಂ, ಕೂತ್ಕೊಳ್ಳಿ.

ಬೋರಮ್ಮ ನಮ್ಮ ಶಾಲೆ ಗುಡಿಸುತ್ತಿದ್ದವರು. ಕುರುಬರಹಳ್ಳಿಯಿಂದ ಬೆಳಿಗ್ಗೆ ನಡೆದುಕೊಂಡು ಬರುತ್ತಿದ್ದರು. ಗುತ್ತಿಗೆ ಕೆಲಸ. ನಮ್ಮ ಹಾಗೆ ಖಾಯಂ ಅಲ್ಲ, ನಿಯಮವಿಲ್ಲ, ಗ್ಯಾರಂಟಿ ಇಲ್ಲ. ಒಂದು ದಿನ ಶಾಲೆಯ ನೀರಿನ ಮೋಟಾರು ಕಾಣೆಯಾಯಿತು. ಕೀಲಿ ಬೋರಮ್ಮನ ಹತ್ತಿರ ಇತ್ತು. ಅಷ್ಟು ಸಾಕಾಯಿತು. ಗೇಟಿನ ಹತ್ತಿರ ನಿಲ್ಲಿಸಿ, "ನಾಳೆಯಿಂದ ಬರ್ಬೇಡಮ್ಮ" ಅಂದುಬಿಟ್ಟರು. ಮಕ್ಕಳೆಲ್ಲ ಒಳಗೆ ಬರುತ್ತಿದ್ದ ಹೊತ್ತು. ಅವರ ಕೈಲಿ ಇನ್ನೂ ಪೊರಕೆ ಇತ್ತು. ನೀನು ಕದ್ದೆಯಾ ಅಂತಲೂ ಕೇಳಲಿಲ್ಲ! ಕೇಳಿದ್ದರೆ ಇಲ್ಲ ಅನ್ನುವುದಕ್ಕಾದರೂ ಆಗುತ್ತಿತ್ತಲ್ಲ.

ಆ ಮೋಟಾರು ಯಾರು ತಗೊಂಡರು? ನನಗೆ ಗೊತ್ತಿಲ್ಲ. ಅಂಜಿನಯ್ಯನವರಿಗೂ ಗೊತ್ತಿರಲಿಲ್ಲ. ಇದನ್ನು ನಾನು ಬೋರಮ್ಮನ ಎದುರಿಗೇ ಹೇಳುತ್ತಿದ್ದೇನೆ, ಯಾಕೆಂದರೆ ಅಂಜಿನಯ್ಯನವರೂ ಇವರ ಎದುರಿಗೇ ಹೇಳಿದರು. ಬೋರಮ್ಮ ಅವತ್ತು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅಳುತ್ತಾ ಕೇಳಿದರು, "ನೀವಾದ್ರೂ ನನ್ನ ನಂಬ್ತೀರಾ ಮೇಷ್ಟ್ರೇ?" ನಾನಾಗಿದ್ದರೆ ಹೂಂ ನಂಬುತ್ತೇನೆ ಅಂತ ಸಮಾಧಾನ ಮಾಡಿ ಕಳಿಸಿರುತ್ತಿದ್ದೆ. ಅಂಜಿನಯ್ಯನವರು ಹೇಳಿದರು: "ನಾನು ನಂಬೋದು ಬೇರೆ ಕಣಮ್ಮ. ನಾನು ನಂಬಿದ್ರೆ ನಿಂಗೆ ಕೆಲಸ ವಾಪಸ್ ಬರಲ್ಲ. ಅವರು ಕೇಳ್ಬೇಕು. ಕೇಳೋ ಹಾಗೆ ಮಾಡ್ತೀನಿ."

ಆ ತಿಂಗಳು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಬಂದಿದ್ದರು. ಪೋಷಕರೆಲ್ಲ ಇದ್ದರು. ನಡಾವಳಿಗೆ ಸಹಿ ಹಾಕುವ ಹೊತ್ತಿಗೆ ಅಂಜಿನಯ್ಯನವರು ಎದ್ದು ನಿಂತರು. "ಸಾರ್, ಸಹಿಗೆ ಮುಂಚೆ ಒಂದು ಸಣ್ಣ ಕೆಲಸ ಇದೆ. ಬೋರಮ್ಮನ್ನ ಒಳಗೆ ಕರೀತೀನಿ. ಅವರ ಮೇಲೆ ಏನು ಆರೋಪ ಅಂತ ನೀವು ಹೇಳಿ. ಅವರು ಏನ್ ಹೇಳ್ತಾರೋ ಕೇಳಿ. ಆಮೇಲೆ ತೆಗೀತೀರೋ ಇಟ್ಕೋತೀರೋ ನಿಮ್ಮಿಷ್ಟ."

ಅಧಿಕಾರಿ ಕೆಂಪಗಾದರು. "ಅವಳು ಸರ್ಕಾರಿ ನೌಕರಳಲ್ಲ ಕಣ್ರೀ. ಅವಳಿಗೆ ಆ ನಿಯಮ ಎಲ್ಲ ಬರಲ್ಲ."

"ನಿಯಮ ಬರದೇ ಇದ್ರೆ ಕಿವಿನೂ ಬರಲ್ವಾ ಸಾರ್?" ಅಂದರು ಇವರು.

ಅಷ್ಟೇ ಸ್ವಾಮಿ. ನಾನು ಅಲ್ಲೇ ಪಕ್ಕದಲ್ಲಿದ್ದೆ. ಧ್ವನಿ ಏರಿಸಲಿಲ್ಲ, ಬೆರಳು ತೋರಿಸಲಿಲ್ಲ, ಮೇಜು ತಟ್ಟಲಿಲ್ಲ. ಪೋಷಕರು ಚಪ್ಪಾಳೆ ತಟ್ಟಿದರು, ಅದು ನಿಜ. ಆ ಚಪ್ಪಾಳೆಯೇ ಕುತ್ತಿಗೆಗೆ ಬಂತು. ಬೋರಮ್ಮನನ್ನು ಒಳಗೆ ಕರೆಯಲೇ ಇಲ್ಲ. ಸ್ವಲ್ಪ ದಿನಕ್ಕೆ ಅಂಜಿನಯ್ಯನವರ ಕೈಗೆ ಆದೇಶ ಬಂತು — ಮೇಲಧಿಕಾರಿಯನ್ನು ಬೆದರಿಸಿದ್ದಾರೆ, ಸಾರ್ವಜನಿಕರನ್ನು ಎತ್ತಿಕಟ್ಟಿದ್ದಾರೆ, ಆದ್ದರಿಂದ ವಜಾ.

ವಿಚಾರಣೆ? ಇಲ್ಲ. ಸಂವಿಧಾನವೇ ಹೇಳುತ್ತದೆ, ಸರ್ಕಾರಿ ನೌಕರನನ್ನು ತೆಗೆಯುವ ಮುಂಚೆ ಏನು ಆರೋಪ ಅಂತ ಹೇಳಿ, ಅವನ ಮಾತು ಕೇಳಬೇಕು ಅಂತ. ಆದರೆ ಒಂದು ಕಿಂಡಿ ಇದೆ. ವಿಚಾರಣೆ ನಡೆಸಲು ಸಾಧ್ಯವೇ ಇಲ್ಲದ ಪರಿಸ್ಥಿತಿ ಇದ್ದರೆ, ಕಾರಣ ಬರೆದು, ಕೇಳದೇ ತೆಗೆಯಬಹುದು. ಗಲಭೆ, ದೊಂಬಿ, ಅಂಥದ್ದಕ್ಕೆ ಇರುವ ಕಿಂಡಿ ಅದು. ನಮ್ಮ ಅಂಜಿನಯ್ಯನವರಿಗೆ ಆ ಕಿಂಡಿಯಿಂದ ಹೊಡೆದರು. ಬರೆದ ಕಾರಣ ಏನು ಗೊತ್ತಾ? ಸದರಿ ನೌಕರರು ಸಾಕ್ಷಿಗಳನ್ನು ಹೆದರಿಸುವ ಸಂಭವವಿದೆ!

ಅಯ್ಯೋ! ಅಂಜಿನಯ್ಯನವರು! ಹೆದರಿಸುವುದು! ಹಲ್ಲಿ ಕಂಡರೆ ಬೆಂಚು ಹತ್ತುತ್ತಿದ್ದ ಮನುಷ್ಯ. ಸ್ಟಾಫ್ ರೂಮಿನ ಬೀರು ಹಿಂದೆ ಒಂದು ಹಲ್ಲಿ ಇತ್ತು, ಅದು ಹೊರಗೆ ಬಂದರೆ "ಹನುಮ, ಹನುಮ" ಅಂತ ಕೂಗಿ ನನ್ನನ್ನು ಮೈದಾನದಿಂದ ಕರೆಸುತ್ತಿದ್ದರು. ಮಂಡಿ ನೋವು, ಮೆಟ್ಟಿಲು ಹತ್ತುವಾಗ ಮಕ್ಕಳ ಹೆಗಲು ಹಿಡಿಯುತ್ತಿದ್ದರು. ನಗಿ, ಪರವಾಗಿಲ್ಲ, ನಗಿ ಅತ್ತಿಗೆ, ನೀವೂ ನಗಿ. ಇವರು ಹೆದರಿಸುತ್ತಾರಂತೆ. ಇವರಿಗೆ ಹೆದರಿದವರು ಒಬ್ಬರೇ, ಅವತ್ತು ಸಭೆಗೆ ಬಂದು ಆಮೇಲೆ ಆ ಆದೇಶಕ್ಕೆ ಸಹಿ ಹಾಕಿದವರು. ಅವರು ಹೆದರಿದ್ದು ಅಂಜಿನಯ್ಯನವರಿಗಲ್ಲ, ಪಾಟೀಸವಾಲಿಗೆ. ಒಂದು ಹಾಳೆ, ಒಂದು ಪೆನ್ಸಿಲ್ಲು ಇಟ್ಟುಕೊಂಡು, "ನಾನು ಎಲ್ಲಿ ನಿಂತಿದ್ದೆ, ನೀವು ಎಲ್ಲಿ ಕೂತಿದ್ರಿ, ತೋರ್ಸಿ ಸಾರ್" ಅಂತ ಕೇಳಿಬಿಟ್ಟರೆ ಅಂತ ಹೆದರಿದರು.

ಅಲ್ಲಿಂದ ಶುರುವಾಯಿತು ಅಲೆದಾಟ. ನೂರಾರು ಜನರ ಪಕ್ಕ ಕೂತವರು ತಮ್ಮ ಸರದಿ ಬಂದಾಗ ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಒಬ್ಬರೇ ಕೂತರು. ಮೇಲ್ಮನವಿ ಏನಾಯ್ತು ಅಂತ ಕೇಳಿದರೆ, ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಮತ್ತೆ ಹೋದರೆ, ಸಾಹೇಬ್ರು ಬದಲಾಗಿದ್ದಾರೆ. ಹೊಸ ಸಾಹೇಬ್ರು ಬಂದರೆ, ಇನ್ನೂ ನೋಡಿಲ್ಲ. ಪ್ರತಿ ಸಲವೂ ಯಾರಾದರೂ ಒಬ್ಬರು ಹೊರಗೆ ಬಂದು ಕಿವಿಯಲ್ಲಿ ಹೇಳುವುದು — "ಯಾಕ್ ಸಾರ್ ಹಠ? ಒಂದು ಕ್ಷಮಾಪಣೆ ಹಾಕ್ಬಿಡಿ. ವಜಾನ ಕಡ್ಡಾಯ ನಿವೃತ್ತಿಗೆ ಇಳಿಸ್ತಾರೆ, ಪೆನ್ಷನ್ ಬರುತ್ತೆ, ಆರಾಮಾಗಿರಿ."

ಇಡೀ ಊರಿಗೆ ಬರೆಯಬೇಡಿ ಅಂದವರ ಹತ್ತಿರ ಬಂದು ಬರೆದುಕೊಡಿ ಅನ್ನುತ್ತಾರೆ!

ಮನೆಯಲ್ಲಿ ಕಷ್ಟ ಇರಲಿಲ್ಲವೇ? ಇತ್ತು. ಅದನ್ನು ಇಲ್ಲಿ ಬಿಡಿಸಿ ಹೇಳಿ ಆ ಮನೆಯ ಮರ್ಯಾದೆ ಕಳೆಯುವುದಿಲ್ಲ. ಒಂದು ಸಂಜೆ ನಾನು ಅಲ್ಲೇ ಇದ್ದೆ. ಚೇತನಾ ಅಪ್ಪನ ಹತ್ತಿರ ಕೂತು ಹೇಳಿದಳು, ಹೇಳಲಾ ಮಗಳೇ? ಸರಿ. "ಅಪ್ಪಾ, ನೀವು ತಪ್ಪು ಮಾಡಿಲ್ಲ ಅಂತ ನಮಗೆಲ್ಲ ಗೊತ್ತಲ್ಲ. ಅಷ್ಟು ಸಾಕಲ್ವಾ? ಬರ್ಕೊಟ್ಟು ಬಂದ್ಬಿಡಿ." ಆ ಮಗು ಸುಸ್ತಾಗಿ ಹೇಳಿದ್ದು. ಅಪ್ಪನ ಒಣಗಿದ ಮುಖ ನೋಡಲಾಗದೆ ಹೇಳಿದ್ದು. ಅವರು ಅವಳ ತಲೆ ಸವರಿ ಹೇಳಿದರು, "ನಿಮಗೆ ಗೊತ್ತಿದ್ರೆ ಸಾಕು ಅಂತ ನಾನು ಒಪ್ಕೊಂಡ್ರೆ, ನಾಳೆ ಬೋರಮ್ಮಂಗೂ ಅದನ್ನೇ ಹೇಳ್ಬೇಕಾಗುತ್ತಲ್ಲಮ್ಮ. ನನಗೊಂದು ಕುರ್ಚಿ ಹಾಕಿ, ಏನಪ್ಪಾ ನಿನ್ನ ಕಥೆ ಅಂತ ಅವರು ಕೇಳ್ಲಿ. ಕೇಳಿದ ಮೇಲೂ ಮನೆಗೆ ಹೋಗು ಅಂದ್ರೆ ಹೋಗ್ತೀನಿ. ಕೇಳದೆ ಹೋಗಲ್ಲ."

ಕೇಳದೆ ಹೋಗಲ್ಲ ಅಂದಿದ್ದರು. ಹೋಗಿಬಿಟ್ಟರು. ಭಾನುವಾರ ಬೆಳಿಗ್ಗೆ ವಿಜಯನಗರದ ಮಾರ್ಕೆಟ್ಟಿನಿಂದ ಸೊಪ್ಪು ತಂದು, ಕೆಳಗಿಟ್ಟು, ಒಂದು ಲೋಟ ನೀರು ಕೊಡು ರಾಮು ಅಂದರಂತೆ. ಅತ್ತಿಗೆ ನೀರು ತರುವಷ್ಟರಲ್ಲಿ...

ಒಂದು ನಿಮಿಷ. — ಒಂದು ನಿಮಿಷ ಕೊಡಿ ನನಗೆ.

ಸರಿ.

ಈಗ ಹೇಳಬೇಕಾದ್ದು ಹೇಳುತ್ತೇನೆ. ತಿಥಿ ಮುಗಿದ ಮೇಲೆ ಮೇಲಿನ ಕಚೇರಿಯಿಂದ ಒಬ್ಬರು ಮನೆಗೆ ಬಂದರು. ಸಂಭಾವಿತರು, ಹೆಸರು ಹೇಳುವುದಿಲ್ಲ. ಕಳಿಸಿದ್ದಕ್ಕೆ ಬಂದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಳೆಹಣ್ಣು ತಂದಿದ್ದರು. ಸೋಫಾದ ತುದಿಯಲ್ಲಿ ಕೂತು, ಬಹಳ ಹೊತ್ತು ಕೈ ಉಜ್ಜಿಕೊಂಡು, ಆಮೇಲೆ ಶುರು ಮಾಡಿದರು. "ಅಮ್ಮಾ, ಸಾರ್ ಇಲ್ಲ ಅಂದ್ಮೇಲೆ ಆ ಅಪೀಲ್‌ಗೆ ಅರ್ಥ ಇಲ್ಲ. ಸಾಹೇಬ್ರಿಗೂ ತುಂಬಾ ಬೇಜಾರಾಗಿದೆ. ನೀವು ಒಂದೇ ಒಂದು ಸಾಲು ಬರ್ಕೊಡಿ — ನನ್ನ ಯಜಮಾನ್ರಿಂದ ತಪ್ಪಾಗಿದೆ, ಕನಿಕರ ತೋರ್ಸಿ, ಅಪೀಲ್ ವಾಪಸ್ ತಗೋತಿದೀನಿ ಅಂತ. ಮಿಕ್ಕಿದ್ದು ನಾವು ನೋಡ್ಕೋತೀವಿ. ನಿಮಗೇನೋ ಒಂದು ಅನುಕೂಲ ಆಗುತ್ತೆ."

ಕೇಳಿದಿರಾ? ಬದುಕಿದ್ದಾಗ ಅವರ ಕೈಲಿ ಬರೆಸಲಾಗಲಿಲ್ಲ. ಈಗ ಹೆಂಡತಿ ಕೈಲಿ ಬರೆಸುತ್ತಾರಂತೆ! ಸತ್ತವನು ಬಂದು ಇಲ್ಲ ಅನ್ನುವುದಿಲ್ಲ ಅನ್ನುವ ಧೈರ್ಯ.

ನಾನು ಎದ್ದೇಬಿಟ್ಟಿದ್ದೆ, ಅತ್ತಿಗೆ ಕೈ ಅಡ್ಡ ಹಿಡಿದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ, ಅವತ್ತೂ ಕೇಳಲಿಲ್ಲ. ಮೆಲ್ಲಗೆ ಕೇಳಿದರು:

"ಯಾವ ತಪ್ಪು?"

"ಅಂದ್ರೆ... ಅದೇ ಅಮ್ಮ, ಅವತ್ತು ನಡೆದಿದ್ದು..."

"ಏನ್ ನಡೀತು?"

"ಅದೆಲ್ಲ ಫೈಲಲ್ಲಿದೆ ಅಮ್ಮ."

"ನೀವು ನೋಡಿದ್ರಾ?"

"ನಾನು ಆವತ್ತು ಅಲ್ಲಿರ್ಲಿಲ್ಲ..."

"ಇದ್ದವರನ್ನ ಕರ್ಕೊಂಡ್ ಬನ್ನಿ. ನನ್ನ ಎದುರಿಗೆ ಹೇಳ್ಲಿ, ನನ್ನ ಗಂಡ ಇಂಥ ತಪ್ಪು ಮಾಡಿದ್ರು ಅಂತ. ನಾನು ಕೇಳ್ತೀನಿ. ಆಮೇಲೆ ನಾನು ಹೇಳ್ಬೇಕಾದ್ದು ಹೇಳ್ತೀನಿ, ಅದನ್ನ ಅವರು ಕೇಳ್ಲಿ. ಆಮೇಲೆ ನೋಡೋಣ ಯಾರು ಏನ್ ಬರ್ಕೊಡ್ಬೇಕು ಅಂತ. ಕಾಫಿ ಆರೋಗ್ತಿದೆ, ಕುಡೀರಿ."

ಅವರು ಕಾಫಿ ಕುಡಿದು ಹೊರಟರು. ಎಲ್ಲ ವಿಚಾರಣೆಗಳಲ್ಲೂ ಅಂಜಿನಯ್ಯನವರು ಮೊದಲಿಗೆ ಕೇಳುತ್ತಿದ್ದದ್ದು ಅದನ್ನೇ. ಏನು ಆರೋಪ, ಯಾರು ನೋಡಿದವರು, ಅವರನ್ನು ಕರೆಸಿ, ನಮ್ಮ ಮಾತು ಕೇಳಿ. ಅತ್ತಿಗೆ ಯಾವ ವಿ‍ಚಾರಣೆಗೂ ಬಂದವರಲ್ಲ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಸೋಸುತ್ತಾ ಅಷ್ಟು ವರ್ಷ ಎಲ್ಲ ಕೇಳಿಸಿಕೊಂಡಿದ್ದಾರೆ.

ಹಾಗಾಗಿ ಇಲ್ಲಿ ಎಲ್ಲರ ಎದುರಿಗೆ ಹೇಳುತ್ತಿದ್ದೇನೆ. ಗುರುವಾರ ರಾಮಮ್ಮನವರು ಮೇಲ್ಮನವಿಯ ವಿಚಾರಣೆಗೆ ಹೋಗುತ್ತಾರೆ. ವಾರಸುದಾರರು ಮುಂದುವರಿಸಬಹುದು ಅಂತ ನಮ್ಮ ವಕೀಲರು ಹೇಳುತ್ತಾರೆ. ಆಗುವುದಿಲ್ಲ ಅಂತ ಇಲಾಖೆ ಹೇಳುತ್ತೆ. ಹೇಳಲಿ — ಆಗುವುದಿಲ್ಲ ಅನ್ನುವುದನ್ನೂ ಅವರ ಮುಖ ನೋಡಿ, ಅವರ ಮಾತು ಕೇಳಿ ಹೇಳಲಿ. ಅಲ್ಲಿ ಮುಚ್ಚಿದರೆ ಕೋರ್ಟಿಗೆ ಹೋಗುತ್ತೇವೆ. ರಾಮಮ್ಮನವರ ಪಕ್ಕದಲ್ಲಿ ನಾನು ಕೂರುತ್ತೇನೆ. ನನಗೆ ಅಂಜಿನಯ್ಯನವರ ಹಾಗೆ ಮೆತ್ತಗೆ ಮಾತಾಡಲು ಬರುವುದಿಲ್ಲ, ಚಿತ್ರ ಬರೆಯಲು ಮೊದಲೇ ಬರುವುದಿಲ್ಲ. ಗಂಟಲಿದೆ. ಅಷ್ಟರಲ್ಲೇ ನಿಭಾಯಿಸುತ್ತೇನೆ.

ಬೋರಮ್ಮ, ನಿಮ್ಮ ಮಾತನ್ನೂ ಕೇಳಬೇಕು ಅಂತ ಅದೇ ದಿನ ಅರ್ಜಿ ಕೊಡುತ್ತೇವೆ. ನೀವೂ ಬರಬೇಕು. ತಲೆ ಅಲ್ಲಾಡಿಸಬೇಡಿ, ಬರ್ತೀನಿ ಅನ್ನಿ. — ಹಾಂ. ಎಲ್ಲರೂ ಕೇಳಿಸಿಕೊಂಡಿರಿ, ಬರುತ್ತಾರಂತೆ.

ಇಲ್ಲಿ ಕೂತಿರುವ ಸಹೋದ್ಯೋಗಿಗಳಿಗೆ ಒಂದು ಮಾತು. ಸಭೆಗೆ ಬರುವುದಕ್ಕೇ ಹೆದರಿಕೊಂಡು ಬಂದವರು ಇದ್ದೀರಿ, ನನಗೆ ಗೊತ್ತು. ಗಾಡಿಯನ್ನು ಎರಡು ರಸ್ತೆ ಆಚೆ ನಿಲ್ಲಿಸಿ ನಡೆದು ಬಂದಿದ್ದೀರಿ. ನಿಮ್ಮನ್ನು ಹೀಯಾಳಿಸುವುದಿಲ್ಲ, ಸಂಸಾರ ಇದೆ ಎಲ್ಲರಿಗೂ. ಆದರೆ ನಾಳೆ ನಿಮ್ಮ ಕೈಗೊಂದು ನೋಟಿಸ್ ಬಂದು, ಯಾರಾದರೂ ಒಳ್ಳೆಯ ಮನುಷ್ಯರು ಹೆಗಲ ಮೇಲೆ ಕೈ ಹಾಕಿ, ಬರೆದುಕೊಟ್ಟುಬಿಡಿ ಮುಗಿದುಹೋಗುತ್ತೆ ಅಂದರೆ — ಬರೆಯಬೇಡಿ. ಮಾಡಿದ್ದರೆ ಮಾಡಿದ್ದೇನೆ ಅನ್ನಿ, ಅದು ಗಂಡಸುತನ, ಹೆಂಗಸುತನ, ಏನು ಬೇಕಾದರೂ ಅನ್ನಿ. ಮಾಡದೇ ಇದ್ದದ್ದಕ್ಕೆ ಬರೆಯಬೇಡಿ. ಬಂದು ನನ್ನ ಮನೆ ಬಾಗಿಲು ತಟ್ಟಿ. ಶ್ರೀಗಂಧದ ಕಾವಲಿನಲ್ಲಿ ಪಿ.ಟಿ. ಮೇಷ್ಟ್ರ ಮನೆ ಅಂದರೆ ಯಾರಾದರೂ ತೋರಿಸುತ್ತಾರೆ.

ನನ್ನ ಮಾತು ಮುಗಿಯಿತು. ಈಗ ಎಲ್ಲರೂ ಎದ್ದು ನಿಂತು, ಅಂಜಿನಯ್ಯನವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರಬೇಕು ಅಂತ ಕೇಳಿಕೊಳ್ಳುತ್ತೇನೆ. ಏಳುವ ಮುಂಚೆ, ಹಿಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದುಕೊಂಡು ಎಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿರುವ ಗೆಳೆಯರಿಗೆ ಒಂದು ವಿನಂತಿ. ಯಾರು ಕಳಿಸಿದರು ಅಂತ ಕೇಳುವುದಿಲ್ಲ. ಆಫ್ ಮಾಡಬೇಡಿ, ಇದನ್ನೂ ರೆಕಾರ್ಡ್ ಮಾಡಿಕೊಳ್ಳಿ. ನಾಳೆ ವರದಿ ಬರೆಯುವಾಗ ಬರೆಯಿರಿ — ಸಭೆಯಲ್ಲಿದ್ದವರೆಲ್ಲ ಎದ್ದು ನಿಂತರು, ಯಾರೂ ಮಾತಾಡಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಯಾರೂ ಏನನ್ನೂ ಒಪ್ಪಿಕೊಳ್ಳಲಿಲ್ಲ.

ಏಳಿ.